ಮೇಲೆ ಬಣ್ಣ, ಕೆಳಗೆ ತುಕ್ಕು: ನಮ್ಮ ಗಾಡಿಗಳ ತಳದ ಕಥೆ

(ಗದಗಿನಲ್ಲಿ ಟ್ರ್ಯಾಕ್ಟರ್, ಮೂರು ಗಾಲಿಯ ಟಂಟಂ, ಲಾರಿ ಇಟ್ಟುಕೊಂಡವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಸುತ್ತಿ ಬಳಸಿ ಬಂದದ್ದನ್ನು ಸ್ವಲ್ಪ ನೆಟ್ಟಗೆ ಮಾಡಿದ್ದೇನೆ. ಜನ ಮಧ್ಯೆ ಕೇಳಿದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ತುಕ್ಕಿನ ಮಾತು ತೆಗೆದರೆ ಸಾಕು, ನಮ್ಮ ಕಡೆ ಒಂದೇ ಉತ್ತರ. "ಅದು ಕಾರವಾರದವರ ತ್ರಾಸು ಬಿಡ್ರಿ, ಅಲ್ಲಿ ಸಮುದ್ರದ ಗಾಳಿ ಐತಿ. ನಮಗೇನಾಗತೈತಿ?" ಸಮುದ್ರ ದೂರ ಇದೆ, ಒಪ್ಪಿದೆ. ಆದರೆ ಉಪ್ಪು ದೂರ ಇಲ್ಲ. ಬಿತ್ತನೆ ಹೊತ್ತಿಗೆ ನಿಮ್ಮ ಟ್ರೇಲರ್‌ನಲ್ಲಿ ಚೀಲಗಟ್ಟಲೆ ಉಪ್ಪು ಬರುತ್ತದೆ. ಪೊಟ್ಯಾಶ್ ಗೊಬ್ಬರ ಅಂತ ತರುತ್ತೀರಲ್ಲ, ಅದರಲ್ಲಿ ಹೆಚ್ಚಿನದು ಪೊಟ್ಯಾಶಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಎರಡೂ ಅಣ್ಣ ತಮ್ಮ. ಕಬ್ಬಿಣವನ್ನು ತಿನ್ನುವ ಕೆಲಸದಲ್ಲಿ ಜಾಸ್ತಿ ಕೈ ಇರೋದು ಆ ಕ್ಲೋರೈಡ್‌ದು.

ಚೀಲ ಹರಿದು ಒಂದೆರಡು ಹಿಡಿ ಚೆಲ್ಲುತ್ತದೆ. ಟ್ರೇಲರ್ ಮೂಲೆಯಲ್ಲಿ, ತಗಡಿನ ಮಡಿಕೆಯಲ್ಲಿ, ಹಿಂದಿನ ಬಾಗಿಲಿನ ಕೀಲಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಯೂರಿಯಾ ಆದರೂ ಅಷ್ಟೇ, ಅದು ಗಾಳಿಯಲ್ಲಿನ ತೇವವನ್ನೇ ಎಳೆದುಕೊಂಡು ಅಂಟಂಟಾಗುತ್ತದೆ, ನೀವೇ ನೋಡಿದ್ದೀರಿ, ಬಾಯಿ ಬಿಚ್ಚಿದ ಚೀಲ ಮಳೆಗಾಲದಲ್ಲಿ ಎರಡು ದಿನ ಇಟ್ಟರೆ ಹೆಂಟೆಯಾಗುತ್ತದೆ. ಅಂದರೆ ಮಳೆ ಬರದಿದ್ದರೂ ಆ ಜಾಗ ಒದ್ದೆ. ಉಪ್ಪೂ ಉಂಟು, ನೀರೂ ಉಂಟು. ಇನ್ನೇನು ಬೇಕು ತುಕ್ಕಿಗೆ?

ಒಂದು ನಿಮಿಷ ತುಕ್ಕು ಹೇಗೆ ಹಿಡಿಯುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದೆಲ್ಲ ಸುಲಭ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ, ಈ ಮೂರೂ ಸೇರಬೇಕು. ಒಂದನ್ನು ತಪ್ಪಿಸಿದರೂ ತುಕ್ಕಿಲ್ಲ. ಕಬ್ಬಿಣದ ಮೇಲೆ ನೀರಿನ ತೆಳು ಪದರ ಕೂತಾಗ ಅಲ್ಲೇ ಒಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ. ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಖರ್ಚಾಗುತ್ತದೆ. ಬರೀ ಶುದ್ಧ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಉಪ್ಪು ಬಿದ್ದರೆ ಸರಾಗ. ಅದಕ್ಕೇ ಉಪ್ಪಿದ್ದಲ್ಲಿ ತುಕ್ಕಿಗೆ ವೇಗ. ಮಳೆಯೇ ಬೀಳಬೇಕು ಅಂತಿಲ್ಲ, ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದರೆ ಕಣ್ಣಿಗೆ ಕಾಣದ ನೀರಿನ ಪದರ ಕಬ್ಬಿಣದ ಮೇಲೆ ಕೂರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ದಾಟದ ದಿನವೇ ಕಡಿಮೆ.

ಇನ್ನೊಂದು ವಿಷಯ. ಅಲ್ಯುಮಿನಿಯಂಗೂ ಗಾಳಿ ತಗುಲಿ ಪದರ ಕಟ್ಟುತ್ತದೆ, ಆದರೆ ಆ ಪದರ ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ತಿಂದ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಹಿಡಿಯುತ್ತದೆ, ಉಬ್ಬುತ್ತದೆ, ಉದುರುತ್ತದೆ, ಉದುರಿದಲ್ಲಿ ಹೊಸ ಕಬ್ಬಿಣ ಬಯಲಾಗುತ್ತದೆ. ಬಣ್ಣದ ಕೆಳಗೆ ಗುಳ್ಳೆ ಎದ್ದದ್ದು ನೋಡಿದ್ದೀರಲ್ಲ? ಅದು ಒಳಗಿಂದ ತಳ್ಳಿದ ತುಕ್ಕು. ಗುಳ್ಳೆ ಬರೀ ಉಗುರಿನಷ್ಟಿದ್ದರೆ ಒಳಗಿನ ತುಕ್ಕು ರೂಪಾಯಿ ನಾಣ್ಯಕ್ಕಿಂತ ದೊಡ್ಡದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಈಗ ನಮ್ಮ ಎರೆ ಮಣ್ಣಿಗೆ ಬರೋಣ. ನರಗುಂದ, ನವಲಗುಂದ, ಅಣ್ಣಿಗೇರಿ, ಇಲ್ಲೇ ಗದಗಿನ ಸುತ್ತ, ಮಳೆಯಾದ ಮೇಲೆ ಹೊಲಕ್ಕೆ ಇಳಿದ ಗಾಡಿ ಹೇಗೆ ವಾಪಸ್ ಬರುತ್ತದೆ ಅಂತ ಯಾರಿಗೂ ಹೇಳಬೇಕಿಲ್ಲ. ಗಾಲಿ ಕಾಣುವುದಿಲ್ಲ, ಮಡ್‌ಗಾರ್ಡ್ ಒಳಗೆ ಗಚ್ಚಾಗಿ ತುಂಬಿರುತ್ತದೆ. ಈ ಮಣ್ಣಿನ ಗುಣವೇ ನೀರು ಹಿಡಿದಿಟ್ಟುಕೊಳ್ಳುವುದು, ಅದಕ್ಕೇ ಹಿಂಗಾರಿ ಕಡಲೆ, ಜೋಳ ಬರೀ ಆ ತೇವದ ಮೇಲೆ ಬೆಳೆಯುತ್ತವೆ. ಬೆಳೆಗೆ ಒಳ್ಳೆಯದು, ತಗಡಿಗೆ ಕೆಟ್ಟದ್ದು. ಬೇಸಿಗೆಯಲ್ಲಿ ಮಣ್ಣಿನ ಕೊಡಕ್ಕೆ ಒದ್ದೆ ಗೋಣಿ ಸುತ್ತಿದ ಹಾಗೆ, ಹೊರಗೆ ಬಿಸಿಲು ಬಿದ್ದರೂ ಒಳಗೆ ದಿನಗಟ್ಟಲೆ ಪಸೆ ಇರುತ್ತದೆ. ಗದಗಿನಲ್ಲಿ ಮಳೆ ಕಡಿಮೆ, ಹಾಗಾಗಿ ತುಕ್ಕೂ ಕಡಿಮೆ ಅನ್ನುವ ಲೆಕ್ಕ ಇಲ್ಲೇ ತಪ್ಪುತ್ತದೆ. ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಕಬ್ಬಿಣ ಎಷ್ಟು ಹೊತ್ತು ಒದ್ದೆ ಇತ್ತು ಅನ್ನುವುದೇ ಮುಖ್ಯ. ಧಾರವಾಡದ ಜಿಟಿಜಿಟಿ ಮಳೆಯೂ ಹೀಗೇ. ಧೋ ಅಂತ ಸುರಿದರೆ ಕೆಸರಾದರೂ ತೊಳೆದು ಹೋಗುತ್ತದೆ. ಜಿಟಿಜಿಟಿ ಅಂದರೆ ತೊಳೆಯುವುದೂ ಇಲ್ಲ, ಆರಲು ಬಿಡುವುದೂ ಇಲ್ಲ. ಒದ್ದೆಯಾಗುವುದು, ಅರೆಬರೆ ಒಣಗುವುದು, ಮತ್ತೆ ಒದ್ದೆಯಾಗುವುದು. ಒಣಗುವಾಗ ನೀರು ಹೋಗಿ ಉಪ್ಪು ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ಹಾನಗಲ್ಲ ಕಡೆ ಅಡಿಕೆ ತೋಟ ಇರುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಮೈಲುತುತ್ತದ ನೀರು ಕಬ್ಬಿಣದ ಮೇಲೆ ಚೆಲ್ಲಬಾರದು. ಅದರಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಆ ಜಾಗದ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಒಂದು ಮೊಳೆ ಅದ್ದಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಕೆಂಪಾಗುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬೇಡಿ ಅಂತ ಕೃಷಿಯವರು ಹೇಳುವುದು ಇದಕ್ಕೇ. ಟ್ರೇಲರ್‌ನಲ್ಲಿ ಡ್ರಮ್ ಉರುಳಿತೋ, ಅವತ್ತೇ ತೊಳೆಯಿರಿ.

ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರ ಓಡುವ ಲಾರಿಯವರಿಗೆ ಎರಡೂ ಕಡೆಯ ಪೆಟ್ಟು. ಇಳಿದರೆ ಸಮುದ್ರದ ಗಾಳಿ, ಹತ್ತಿದರೆ ಅರಬೈಲು ಘಟ್ಟದ ಮಳೆ. ಮೀನು ತರುವ ಗಾಡಿಗಳ ತಳ ಒಮ್ಮೆ ಬಗ್ಗಿ ನೋಡಿ, ಬರ್ಫ್ ಕರಗಿದ ಉಪ್ಪುನೀರು ಸೋರಿ ಸೋರಿ ಅಡ್ಡಪಟ್ಟಿಗಳು ಪದರ ಪದರ ಎದ್ದಿರುತ್ತವೆ. ರಜೆಗೆ ಗೋಕರ್ಣಕ್ಕೆ ಹೋಗಿ ಮರಳಿನ ಹತ್ತಿರ ಕಾರು ನಿಲ್ಲಿಸಿ ಬರುವವರೂ ಊರಿಗೆ ಬಂದ ಮೇಲೆ ಗಾಜು, ಬಾನೆಟ್ ಒರೆಸುತ್ತಾರೆ. ತಳಕ್ಕೆ ಸಿಹಿನೀರು ಹೊಡೆಸುವುದಿಲ್ಲ.

ಇದೇ ನನ್ನ ದೊಡ್ಡ ತಕರಾರು. ಮೇಲಿನ ಹೊಳಪಿಗೆ, ಸ್ಟಿಕ್ಕರ್‌ಗೆ, ಹಬ್ಬಕ್ಕೆ ಹೊಸ ಬಣ್ಣಕ್ಕೆ ದುಡ್ಡು ಬಿಚ್ಚುತ್ತೇವೆ. ಗಾಡಿ ಕೊಳೆಯುವುದು ಮಾತ್ರ ಕೆಳಗಿಂದ, ಒಳಗಿಂದ, ಸಂದಿಯಿಂದ. ಹುಬ್ಬಳ್ಳಿಯವರಿಗೆ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್ ಗೊತ್ತಿರುತ್ತದೆ, ಬೋಗಿಗಳು ರಿಪೇರಿಗೆ ಬರುವ ಜಾಗ. ಹಳೆಯ ನೀಲಿ ಬೋಗಿಗಳಲ್ಲಿ ಮೊದಲು ಕೊಳೆಯುತ್ತಿದ್ದದ್ದು ಪಾಯಖಾನೆಯ ಸುತ್ತಲಿನ ನೆಲ ಮತ್ತು ಬಾಗಿಲ ಬುಡ. ಯಾಕೆ? ನೀರು, ಉಪ್ಪು, ಮೂತ್ರ ಅಲ್ಲೇ ನಿಲ್ಲುತ್ತದೆ. ಈಗಿನ ಎಲ್‌ಎಚ್‌ಬಿ ಬೋಗಿಗಳ ಮೈಗೆ ಸ್ಟೇನ್‌ಲೆಸ್ ಸ್ಟೀಲ್ ಬಂದಿದೆ. ನಮ್ಮ ಟ್ರೇಲರ್‌ಗೆ ಆ ಖರ್ಚು ಆಗುವುದಿಲ್ಲ, ಆದರೆ ಪಾಠ ಅದೇ. ತಿಪ್ಪೆ ಗೊಬ್ಬರ ಹೇರಿದ ಟ್ರೇಲರ್‌ನ ನೆಲ, ದನ ಸಾಗಿಸಿದ ಟಂಟಂ ನೆಲ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ಒಬ್ಬ ಯಜಮಾನರು ಕೇಳಿದರು: "ದಿಲ್ಲಿ ಕಂಬ ಸಾವಿರ ವರ್ಷದಿಂದ ನಿಂತೈತಲ್ರಿ, ಅದಕ್ಕ ಯಾಕ ಜಂಗ್ ಹಿಡಿಯಂಗಿಲ್ಲ?" ಒಳ್ಳೆ ಪ್ರಶ್ನೆ. ಅದಕ್ಕೆ ಸುಮಾರು 1600 ವರ್ಷ. ಆ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ ಇದೆ, ಅದರಿಂದ ಮೇಲ್ಮೈಯಲ್ಲಿ ಒಂದು ತೆಳು ಪದರ ಕಟ್ಟಿಕೊಂಡು ಕಾಯುತ್ತಿದೆ ಅಂತ ಕಾನ್ಪುರ ಐಐಟಿಯ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ದಿಲ್ಲಿಯ ಹವೆಯೂ ವರ್ಷದ ಬಹುಪಾಲು ಒಣ. ಆದರೆ ರಂಜಕ ಜಾಸ್ತಿ ಇದ್ದರೆ ಸ್ಟೀಲು ಪೆಡಸಾಗುತ್ತದೆ. ಕಂಬ ನಿಲ್ಲಿಸಬಹುದು ಯಜಮಾನರೇ, ಕಬ್ಬು ಹೇರಿ ಹಳ್ಳ ದಾಟಿಸಲು ಬರುವುದಿಲ್ಲ.

ಸರಿ, ತಡೆಯುವುದು ಹೇಗೆ? ಮೊದಲ ಕೆಲಸ ನೀರು. ಗೊಬ್ಬರ ಇಳಿಸಿದ ದಿನವೇ ಮೊದಲು ಒಣ ಕಸಬರಿಗೆಯಿಂದ ಗುಡಿಸಿ ತೆಗೆಯಿರಿ, ಆಮೇಲೆ ಧಾರಾಳ ನೀರು. ಅರ್ಧ ಕೊಡ ಚೆಲ್ಲಿ ಬಿಟ್ಟರೆ ಗೊಬ್ಬರ ಕರಗಿ ಸಂದಿಗೆ ಇಳಿಯುತ್ತದೆ, ಅದಕ್ಕಿಂತ ತೊಳೆಯದೇ ಇದ್ದರೇ ವಾಸಿ. ಬೋರ್‌ವೆಲ್ ನೀರು ಸವುಳು ಇದ್ದರೆ ಕೊನೆಯ ಸಲಕ್ಕಾದರೂ ಕೆರೆ ನೀರೋ ಮಳೆ ನೀರೋ ಬಳಸಿ. ತೊಳೆದ ಮೇಲೆ ಟ್ರೇಲರ್ ಎತ್ತಿ ಹಿಂಬಾಗಿಲು ತೆಗೆದು ನೀರು ಬಸಿಯಲು ಬಿಡಿ. ಒದ್ದೆ ಇದ್ದಾಗಲೇ ಟಾಡಪತ್ರಿ ಹೊದಿಸಬೇಡಿ. ಪ್ಲಾಸ್ಟಿಕ್ ಹೊದಿಕೆಯೊಳಗೆ ಹಗಲು ಹಬೆ, ರಾತ್ರಿ ಹನಿ. ಅದಕ್ಕಿಂತ ಗಾಳಿ ಆಡುವ ತಗಡಿನ ಚಪ್ಪರ ಎಷ್ಟೋ ಮೇಲು.

ಕಾರಿನವರು ಬಾಗಿಲಿನ ಕೆಳಗಿನ ಅಂಚು ಬೆರಳಿನಿಂದ ತಡವಿ ನೋಡಿ, ಅಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕ ಇಳಿದ ನೀರು ಹೊರಗೆ ಹೋಗುವ ದಾರಿ ಅದು. ಧೂಳು ಕೂತು ಮುಚ್ಚಿದರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಹುಬ್ಬಳ್ಳಿ ಧೂಳಿನಲ್ಲಿ ಅದು ಮುಚ್ಚದಿದ್ದರೇ ಆಶ್ಚರ್ಯ. ಹಾಗೇ ವೈಪರ್ ಕೆಳಗಿನ ಜಾಲರಿಯಲ್ಲಿ ಬೇವಿನ ಎಲೆ ತುಂಬಿರುತ್ತದೆ, ತೆಗೆಯಿರಿ. ನೆಲದ ಮ್ಯಾಟ್ ಎತ್ತಿ ಕೈ ಒತ್ತಿ ನೋಡಿ. ಸ್ಟೆಪ್ನಿ ಇಡುವ ಗುಂಡಿ ನೋಡಿ. ಇನ್ನು ಈ ಆ್ಯಕ್ಸೆಸರಿ ಅಂಗಡಿಗಳ ಡ್ರಿಲ್ಲು! ಸೈಡ್ ಸ್ಟೆಪ್ಪು, ಗಾರ್ಡು, ಮಡ್‌ಫ್ಲಾಪು ಅಂತ ಹೊಸ ಗಾಡಿಗೆ ತೂತು ಕೊರೆದು ಬರೀ ಸ್ಕ್ರೂ ಬಿಗಿದು ಕಳಿಸುತ್ತಾರೆ. ಕಾರ್ಖಾನೆಯಲ್ಲಿ ಪೂರ್ತಿ ಬಾಡಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಕೂರಿಸಿದ ಪ್ರೈಮರ್ ಆ ತೂತಿನ ಅಂಚಿನಲ್ಲಿ ಇಲ್ಲವಾಯಿತು. ಕೊರೆದ ಕೂಡಲೇ ಅಂಚಿಗೆ ಪ್ರೈಮರ್ ಹಚ್ಚಿಸಿ, ನಿಂತು ಹಚ್ಚಿಸಿ.

ಟ್ರೇಲರ್ ಹೊಸದು ಕಟ್ಟಿಸುವವರು ವರ್ಕ್‌ಶಾಪಿನಲ್ಲೇ ಅರ್ಧ ತುಕ್ಕು ತಡೆಯಬಹುದು, ಇದನ್ನು ಯಾರೂ ಹೇಳುವುದಿಲ್ಲ. ಹೊಸ ಚಾನೆಲ್ (ಚೌಕಟ್ಟಿಗೆ ಹಾಕುವ ಕಬ್ಬಿಣದ ತೊಲೆ), ಹೊಸ ಪ್ಲೇಟಿನ ಮೇಲೆ ನೀಲಿಗಪ್ಪು ಬಣ್ಣದ ಗಟ್ಟಿ ಪದರ ಇರುತ್ತದೆ, ಗಿರಣಿಯಲ್ಲಿ ಬಿಸಿ ಮಾಡಿ ಲಟ್ಟಿಸುವಾಗ ಬಂದದ್ದು. ನೋಡಲು ಚೆಂದ, ಹೊಸ ಮಾಲು ಅನಿಸುತ್ತದೆ. ಅದರ ಮೇಲೇ ಬಣ್ಣ ಹೊಡೆದರೆ ಒಂದು ದಿನ ಆ ಪದರ ಬಿರುಕು ಬಿಟ್ಟು ಬಣ್ಣದ ಸಮೇತ ಎದ್ದು ಬರುತ್ತದೆ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಅದನ್ನು ತೆಗೆಸಿ. ವೆಲ್ಡಿಂಗಿನ ಗಸಿ ಕುಟ್ಟಿ ತೆಗೆಸಿ. ಎರಡು ಪಟ್ಟಿ ಒಂದರ ಮೇಲೊಂದು ಕೂರುವಲ್ಲಿ ಅಲ್ಲಲ್ಲಿ ಚುಕ್ಕೆ ಹಾಕಿ ಬಿಡದೆ ಉದ್ದಕ್ಕೂ ವೆಲ್ಡ್ ಹಾಕಿಸಿ, ಇಲ್ಲದಿದ್ದರೆ ಆ ಸಂದಿ ನೀರು ಕುಡಿಯುತ್ತಲೇ ಇರುತ್ತದೆ. ನೀರು ನಿಲ್ಲುವ ಮೂಲೆಗೆ ತೂತು ಕೊಡಿಸಿ. ಖರ್ಚು ಸ್ವಲ್ಪ ಜಾಸ್ತಿಯಾಗುತ್ತದೆ, ಹೌದು.

ರೆಡ್ ಆಕ್ಸೈಡ್ ಬಗ್ಗೆ ಒಂದು ತಪ್ಪು ಎಲ್ಲ ಕಡೆ ಇದೆ. ರೆಡ್ ಆಕ್ಸೈಡ್ ಬಳಿದು "ಈ ವರ್ಷಕ್ಕ ಇಷ್ಟ ಸಾಕು" ಅಂತ ಮಳೆಗಾಲ ಪೂರ್ತಿ ಬಿಡುತ್ತಾರೆ. ಆ ಕೆಂಪು ಬಣ್ಣ ಅಂದರೆ ಐರನ್ ಆಕ್ಸೈಡೇ, ತುಕ್ಕಿನ ಜಾತಿಯದ್ದೇ. ಅದು ತಾನಾಗಿ ತುಕ್ಕು ಓಡಿಸುವುದಿಲ್ಲ. ಮೇಲಿನ ಬಣ್ಣ ಹಿಡಿಯಲಿ ಅಂತ ಹಾಕುವ ತಳಪದರ ಅದು, ನೀರನ್ನು ಪೂರ್ತಿ ತಡೆಯುವುದಿಲ್ಲ. ಮೇಲೆ ಎರಡು ಕೈ ಎನಾಮಲ್ ಬೀಳಲೇಬೇಕು. ದುಡ್ಡಿದ್ದರೆ ಎಪಾಕ್ಸಿ ಪ್ರೈಮರ್ ಒಳ್ಳೆಯದು, ನೀರನ್ನು ಚೆನ್ನಾಗಿ ತಡೆಯುತ್ತದೆ. ಸತು ತುಂಬಿದ ಜಿಂಕ್ ಪ್ರೈಮರ್ ಇನ್ನೂ ಬೇರೆ ಥರ, ಗೀರು ಬಿದ್ದರೂ ಕಬ್ಬಿಣದ ಬದಲು ತಾನೇ ಮೊದಲು ಕರಗುತ್ತದೆ. ಆದರೆ ಅದಕ್ಕೆ ಬರೀ ಬೆಳ್ಳಗಿನ ಕಬ್ಬಿಣ ಸಿಗಬೇಕು, ತುಕ್ಕಿನ ಮೇಲೆ ಹಚ್ಚಿದರೆ ದುಡ್ಡು ನೀರಿಗೆ.

"ಸರ, ಸುಟ್ಟ ಆಯಿಲ್ ಹೊಡದ್ರ ಸಾಕಲ್ರಿ? ನಮ್ಮಪ್ಪನೂ ಅದನ್ನ ಹೊಡಿತಿದ್ದ" ಅಂತ ಹಿಂದಿನ ಸಾಲಿನಿಂದ ಒಬ್ಬರು. ನೋಡ್ರಿ ಅಣ್ಣಾರ, ಎಣ್ಣೆ ನೀರು ತಡೆಯುತ್ತದೆ, ಅದು ಸುಳ್ಳಲ್ಲ. ಹಿರಿಯರು ಕುಂಟೆಯ ಕುಡಕ್ಕೆ ಎಣ್ಣೆ ಸವರಿ ಎತ್ತಿಡುತ್ತಿದ್ದದ್ದೂ ಅದಕ್ಕೇ. ಆದರೆ ಎಂಜಿನ್‌ನಿಂದ ತೆಗೆದ ಕರಿ ಆಯಿಲ್‌ನಲ್ಲಿ ಸುಟ್ಟ ಮಸಿ, ಆಮ್ಲದ ಅಂಶ, ಲೋಹದ ಪುಡಿ ಎಲ್ಲ ಇರುತ್ತದೆ. ರಬ್ಬರ್ ಬುಷ್ ಉಬ್ಬಿಸುತ್ತದೆ, ಬ್ರೇಕಿಗೆ ತಗುಲಿದರೆ ಅಪಾಯ, ಧೂಳು ಹಿಡಿದು ಗಚ್ಚಾಗುತ್ತದೆ, ಉಳಿದದ್ದು ನಿಮ್ಮ ಹೊಲಕ್ಕೇ ತೊಟ್ಟಿಕ್ಕುತ್ತದೆ. ಹಚ್ಚಲೇಬೇಕಾದರೆ ಹೊಸ ಗ್ರೀಸನ್ನು ತೆಳ್ಳಗೆ ಹಚ್ಚಿ, ಕೊಂಡಿ, ಪಿನ್ನು, ಹಿಂಬಾಗಿಲ ಕೀಲುಗಳಿಗೆ. ಸ್ಪ್ರೇ ಡಬ್ಬಿಯ ಡಬ್ಲ್ಯುಡಿ-40 ಥರದ್ದು ಜಾಮ್ ಆದ ನಟ್ ಬಿಡಿಸಲು, ನೀರು ಓಡಿಸಲು ಚೆನ್ನ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೂ ರಾಕೆಟ್ಟಿಗೆ ತುಕ್ಕು ಹಿಡಿಯಬಾರದು ಅಂತಲೇ. ಆದರೆ ಅದರ ಪದರ ತೆಳು, ನಮ್ಮ ಮಳೆಗಾಲ ಪೂರ್ತಿ ಕಾಯುವ ನಂಬಿಕೆ ಬೇಡ.

ಅಂಡರ್‌ಬಾಡಿ ಕೋಟಿಂಗ್ ಅಂತ ಕಪ್ಪಗೆ ಹೊಡೆಯುತ್ತಾರಲ್ಲ, ಅದು ಸರಿಯಾಗಿ ತೊಳೆದು ಒಣಗಿಸಿ ಹೊಡೆದರೆ ಉಪಯೋಗ. ಬೆಳಿಗ್ಗೆ ನೀರು ಹೊಡೆದು ಮಧ್ಯಾಹ್ನ ಕೋಟಿಂಗ್ ಮಾಡಿ ಸಂಜೆ ಗಾಡಿ ಕೊಟ್ಟರೆ ಅನುಮಾನ ಪಡಿ. ಒಳಗೆ ಪಸೆ ಇದ್ದರೆ ಆ ಕಪ್ಪು ಪದರ ನೀರನ್ನು ಒಳಗೇ ಹಿಡಿದಿಡುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ, ಮೂರ್ನಾಲ್ಕು ವರ್ಷದ ಮೇಲೆ ತಗಡೇ ಕೈಗೆ ಬರುತ್ತದೆ.

ಈಗಾಗಲೇ ತುಕ್ಕು ಹಿಡಿದಿದ್ದರೆ? ಮೊದಲು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ, ಸುತ್ತಿಗೆಯಿಂದ ತಟ್ಟಿ ಕೇಳಿ. ಠಣ್ ಅಂದರೆ ಜೀವ ಇದೆ. ಬೊದ್ದು ಸದ್ದು ಬಂದು ಪುಡಿ ಉದುರಿದರೆ ಬಣ್ಣದ ಕೆಲಸ ಅಲ್ಲ, ಕತ್ತರಿಸಿ ಹೊಸ ತಗಡು ಹಾಕುವ ಕೆಲಸ. ಮೇಲ್ಮೈ ತುಕ್ಕಾದರೆ ವೈರ್ ಬ್ರಷ್, ಆಮೇಲೆ 80 ನಂಬರ್ ಪಾಲಿಷ್ ಪೇಪರ್, ಕೊನೆಗೆ 180, ಕಾರಿನ ಬಾಡಿಯಾದರೆ 320ರವರೆಗೆ. ತುಕ್ಕು ಕಂಡಷ್ಟೇ ಉಜ್ಜಬೇಡಿ, ಸುತ್ತ ಎರಡು ಬೆರಳು ಗಟ್ಟಿ ಬಣ್ಣವನ್ನೂ ಉಜ್ಜಿ. ಕಣ್ಣಿಗೆ ಕನ್ನಡಕ ಇರಲಿ, ಗ್ರೈಂಡರ್ ಬ್ರಷ್ಷಿನ ತಂತಿ ಬಾಣದ ಹಾಗೆ ಹಾರುತ್ತದೆ.

ಗುಂಡಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಬೇರೆ ಪದರವಾಗಿಸುವ ದ್ರಾವಣ, ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ. ಟ್ಯಾನಿನ್ ಹಚ್ಚಿದರೆ ತುಕ್ಕು ನೀಲಿಗಪ್ಪಾಗುತ್ತದೆ. ನಮ್ಮಲ್ಲಿ ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದದ್ದು ಇದೇ ಗುಟ್ಟಿನಿಂದ. ಉದುರುವ ತುಕ್ಕಿನ ಮೇಲೆ ಹಚ್ಚಿದರೆ ಮಾತ್ರ ಏನೂ ಪ್ರಯೋಜನ ಇಲ್ಲ, ಬ್ರಷ್ ಮಾಡಿ ಉಳಿದದ್ದಕ್ಕೆ ಹಚ್ಚಿ. ಡಬ್ಬಿಯ ಮೇಲೆ ತೊಳೆಯಬೇಕು ಅಂತಿದ್ದರೆ ತೊಳೆದು ಒಣಗಿಸಿ, ಆಮೇಲೆ ಪ್ರೈಮರ್. ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು, ನಾಳೆ ನೋಡೋಣ ಅಂದರೆ ಬೆಳಿಗ್ಗೆಗೆ ಮತ್ತೆ ಕೆಂಪಗಿರುತ್ತದೆ. ಕೈಬೆರಳ ಬೆವರೂ ಉಪ್ಪೇ, ಥಿನ್ನರ್ ಬಟ್ಟೆಯಿಂದ ಒರೆಸಿ ಹಚ್ಚಿ. ಪಾಯಖಾನೆ ತೊಳೆಯುವ ಆ್ಯಸಿಡ್ ಸುರಿಯುವವರೂ ಇದ್ದಾರೆ. ಬೇಡ. ಅದರಲ್ಲೂ ಕ್ಲೋರೈಡೇ, ಹೊಗೆ ಬೇರೆ, ಸಂದಿಯಲ್ಲಿ ಉಳಿದರೆ ತಿಂಗಳುಗಟ್ಟಲೆ ತಿನ್ನುತ್ತದೆ. ಸ್ಪ್ರಿಂಗ್ ಪಟ್ಟಿ, ಗಟ್ಟಿ ಸ್ಟೀಲಿನ ಬೋಲ್ಟುಗಳಿಗಂತೂ ಬೇಡವೇ ಬೇಡ, ಆಮ್ಲದಿಂದ ಹೈಡ್ರೋಜನ್ ಒಳಗೆ ಸೇರಿ ಪೆಡಸಾಗಿ, ಹೇಳದೆ ಕೇಳದೆ ಮುರಿಯುತ್ತವೆ.

ಸ್ಕೂಟರ್ ಓಡಿಸುವ ಒಬ್ಬ ಅಕ್ಕಾರು ಸೈಲೆನ್ಸರ್ ಯಾಕೆ ಒಳಗಿಂದಲೇ ತೂತಾಗುತ್ತದೆ ಅಂತ ಕೇಳಿದರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ, ಹಬೆಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಅಂತ ಚಿಕ್ಕ ಓಡಾಟವೇ ಆದರೆ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಆ ನೀರು ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಧಾರವಾಡದವರೆಗೆ ಹೋಗಿ ಬನ್ನಿ ಅಕ್ಕಾ, ಪೇಡೆನೂ ತಂದ ಹಾಗಾಗುತ್ತದೆ ಅಂದೆ. ಎಲ್ಲರೂ ನಕ್ಕರು, ಆದರೆ ಮಾತು ನಿಜ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕೂ ಈಗ ಯೋಚನೆ ಮಾಡುವ ವಿಷಯ. ಈಗಿನ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಬೈಕಿನ ಟ್ಯಾಂಕನ್ನು ಅರ್ಧ ತುಂಬಿಸಿ ಬಿಡಬೇಡಿ. ತುಕ್ಕು ಬಂದಿದ್ದರೆ ಟ್ಯಾಂಕ್ ಬಿಚ್ಚಿ, ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆ್ಯಸಿಡ್ ಹರಳು ಕರಗಿಸಿ ಒಂದು ರಾತ್ರಿ ತುಂಬಿಡಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ ಒಳಗೆ ಸ್ವಲ್ಪ ಎಣ್ಣೆ ಆಡಿಸಿ. ತೂತು ಇದ್ದರೆ "ಖಾಲಿ ಐತಿ, ವೆಲ್ಡ್ ಹೊಡಿ" ಅನ್ನಬೇಡಿ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಹಳೇ ಕಾರು ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ, ಬಟ್ಟೆಯಲ್ಲಿ ಸುತ್ತಿ. ಬಾಗಿಲ ಬುಡ, ಗಾಲಿಯ ಮೇಲಿನ ಕಮಾನು, ಇಲ್ಲೆಲ್ಲ ತಾಗಿಸಿ. ಹಿಡಿಯದೆ ಜಾರಿದರೆ ಕೆಳಗೆ ಪುಟ್ಟಿ ದಪ್ಪ ಇದೆ. ಟಿಂಕರಿಂಗ್ ಮಾಡಿದ್ದೇ ತಪ್ಪಲ್ಲ, ತುಕ್ಕು ಕತ್ತರಿಸದೆ ಪುಟ್ಟಿ ಮೆತ್ತಿದ್ದು ತಪ್ಪು.

ಕೊನೆಗೆ ಒಬ್ಬ ತಮ್ಮ ಕೇಳಿದ: ಟ್ರೇಲರ್‌ನ ಮುಖ್ಯ ಚಾನೆಲ್ ಕೊಂಡಿಯ ಹತ್ತಿರ ತೂತು ಬಿದ್ದಿದೆ, ಮೇಲೊಂದು ಪ್ಲೇಟ್ ಇಟ್ಟು ವೆಲ್ಡ್ ಹಾಕಿಸಲಾ? ನೆಲದ ತಗಡಿಗಾದರೆ ತೇಪೆ ಹಾಕು. ಪಕ್ಕದ ಹಲಗೆಗೂ ಹಾಕು. ಕೊಂಡಿಯ ಹತ್ತಿರ ಬೇಡ. ಇಡೀ ಭಾರ ಎಳೆಯುವುದು ಅಲ್ಲೇ, ತೇಪೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ, ಮತ್ತೆ ಆ ತೇಪೆಯ ಕೆಳಗೆ ತುಕ್ಕಿಗೆ ಹೊಸ ಮನೆ ಸಿಕ್ಕ ಹಾಗೆ. ಆ ತುಂಡು ಪೂರ್ತಿ ತೆಗೆಸಿ ಹೊಸ ಚಾನೆಲ್ ಹಾಕಿಸು. ಬ್ರೇಕಿನ ಪೈಪಿಗೂ ಇದೇ ಮಾತು, ಉಜ್ಜಿ ಬಣ್ಣ ಹೊಡೆಯುವುದಲ್ಲ, ಬದಲಿಸುವುದು. ಈ ವರ್ಷ ದುಡ್ಡಿಲ್ಲ ಅಂದರೆ ಈ ವರ್ಷ ಕಬ್ಬು ಹೇರಬೇಡ, ಹೊಟ್ಟು ಮೇವು ಹೇರು ಅಂದೆ. ಮುಖ ಸಪ್ಪಗೆ ಮಾಡಿಕೊಂಡ, ಆದರೆ ಹೊರಗೆ ಹೋಗಿ ಟ್ರೇಲರ್ ಕೆಳಗೆ ಬಗ್ಗಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡುತ್ತಿದ್ದ, ಸುತ್ತ ನಾಲ್ಕು ಜನ ಸೇರಿ ತಲಾ ಒಂದು ಸಲಹೆ ಕೊಡುತ್ತಿದ್ದರು.